ಮೊದಲ ಮಾದರಿಗೆ ಮೊದಲ ಹಣ

ಭೌತವಿಜ್ಞಾನದ ಬೃಹತ್ ಪ್ರಯೋಗಾಲಯಗಳ ಬೆನ್ನಿಗೆ ಹೆಸರು ಕೇಳಿರದ ಸಣ್ಣ ವರ್ಕ್‌ಶಾಪ್‌ಗಳು ನಿಂತಿವೆ. ಅಮೆರಿಕದಲ್ಲಿ ಅವುಗಳ ಮೊದಲ ಪ್ರಯೋಗಕ್ಕೆ ಸರ್ಕಾರವೇ ಹಣ ಕೊಡಬೇಕೆಂಬ ಕಾನೂನು ಬಂದು ನಾಲ್ಕು ದಶಕ ಕಳೆಯಿತು. ಅದರ ಲಾಭವೇನು, ಲೋಪವೇನು, ನಮಗೆ ಅದರಲ್ಲಿ ಪಾಠವೇನು?

ನಯೋಬಿಯಂ ಎಂಬ ಬೂದು ಲೋಹದ ತಗಡನ್ನು ಬಟ್ಟಲಿನ ಆಕಾರಕ್ಕೆ ಒತ್ತಿ, ಎರಡೆರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಸೇರಿಸಿ, ನಿರ್ವಾತದಲ್ಲಿ ಎಲೆಕ್ಟ್ರಾನ್ ಕಿರಣದಿಂದ ಬೆಸುಗೆ ಹಾಕುತ್ತಾರೆ. ಹೀಗೆ ಒಂಬತ್ತು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು ಒಂದು ಮೀಟರ್ ಉದ್ದದ, ಉಬ್ಬುತಗ್ಗುಗಳ ಕೊಳವೆ ಸಿದ್ಧವಾಗುತ್ತದೆ. ಕಣ ವೇಗವರ್ಧಕಗಳಲ್ಲಿ ಕೆಲಸ ಮಾಡುವವರು ಇದನ್ನು ಕ್ಯಾವಿಟಿ ಎನ್ನುತ್ತಾರೆ. ದ್ರವ ಹೀಲಿಯಂನಲ್ಲಿ ಮುಳುಗಿಸಿ ಮೈನಸ್ 271 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದಾಗ ನಯೋಬಿಯಂ ಅತಿವಾಹಕವಾಗಿರುತ್ತದೆ. ಒಳಗೆ ರೇಡಿಯೊ ತರಂಗ ಹರಿಸಿದರೆ ಶಕ್ತಿ ಸೋರಿಹೋಗದೆ ಬಹುಪಾಲು ಕಣಗಳನ್ನು ಮುಂದಕ್ಕೆ ತಳ್ಳಲು ಬಳಕೆಯಾಗುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಕ್ಯಾವಿಟಿಯ ಒಳಮೈ ಕನ್ನಡಿಯಷ್ಟು ನುಣುಪಾಗಿರಬೇಕು. ಕಣ್ಣಿಗೆ ಕಾಣದ ಒಂದು ಕಣ, ಒಂದು ಗೀರು ಉಳಿದರೂ ಆ ಜಾಗ ಬಿಸಿಯಾಗಿ ಅತಿವಾಹಕತೆ ಮುರಿದು ಬೀಳುತ್ತದೆ. ನುಣುಪು ತರಲು ದಶಕಗಳಿಂದ ಬಳಸುತ್ತಿರುವುದು ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಹೈಡ್ರೊಫ್ಲೋರಿಕ್ ಆಮ್ಲ ಬೆರೆಸಿದ ದ್ರಾವಣ. ಹೈಡ್ರೊಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುತ್ತದೆ. ಮೂಳೆಗೂ ಹೃದಯಕ್ಕೂ ಅಪಾಯ. ಹಾಗಾಗಿ ಈ ಕೆಲಸಕ್ಕೆ ಮೈ ಮುಚ್ಚುವ ರಕ್ಷಣಾ ಉಡುಪು, ಪ್ರತ್ಯೇಕ ಕೋಣೆ, ತ್ಯಾಜ್ಯ ವಿಲೇವಾರಿಗೆ ಬೇರೆಯದೇ ವ್ಯವಸ್ಥೆ ಬೇಕು.

ಒಹಾಯೊ ರಾಜ್ಯದ ಡೇಟನ್ ನಗರದ ಬಳಿ ಫ್ಯಾರಡೆ ಟೆಕ್ನಾಲಜಿ ಎಂಬ ಚಿಕ್ಕ ಕಂಪನಿಯಿದೆ. ಲೋಹಕ್ಕೆ ಲೇಪನ ಮಾಡುವುದು, ಹೊಳಪು ಕೊಡುವುದು ಅದರ ಕಸುಬು. ನೀರಿನಲ್ಲಿ ಶೇಕಡಾ 5ರಿಂದ 10ರಷ್ಟು ಸಲ್ಫ್ಯೂರಿಕ್ ಆಮ್ಲ ಮಾತ್ರ ಬೆರೆಸಿ ಇದೇ ಕೆಲಸ ಮಾಡಲು ಸಾಧ್ಯವೇ ಎಂದು ಅದು ಪ್ರಯೋಗಕ್ಕೆ ಇಳಿಯಿತು. ನಯೋಬಿಯಂ ಮೇಲೆ ಆಕ್ಸೈಡ್‌ನ ಗಟ್ಟಿ ಪದರ ಕಟ್ಟುತ್ತದೆ. ಆ ಪದರವನ್ನು ಕರಗಿಸಲೆಂದೇ ಹೈಡ್ರೊಫ್ಲೋರಿಕ್ ಆಮ್ಲ ಬೇಕಾಗಿತ್ತು. ಕಂಪನಿಯ ಎಂಜಿನಿಯರುಗಳು ವಿದ್ಯುತ್ತನ್ನು ಒಂದೇ ಸಮ ಹರಿಸುವ ಬದಲು ಮಿಡಿತಗಳಾಗಿ ಹರಿಸಿದರು. ಒಂದು ಮಿಡಿತದಲ್ಲಿ ಆಕ್ಸೈಡ್ ಬೆಳೆಯುತ್ತದೆ, ನಂತರ ಕ್ಷಣಾರ್ಧದ ವಿರಾಮದಲ್ಲಿ ಶಾಖ ಹೊರಹೋಗುತ್ತದೆ, ಅದರ ಹಿಂದೆಯೇ ಬರುವ ವಿರುದ್ಧ ದಿಕ್ಕಿನ ಮಿಡಿತ ಆ ಪದರವನ್ನು ಕಿತ್ತುಹಾಕುತ್ತದೆ. ಷಿಕಾಗೊ ಸಮೀಪದ ಫರ್ಮಿಲ್ಯಾಬ್‌ನ ವಿಜ್ಞಾನಿಗಳ ಜೊತೆ ನಡೆಸಿದ ಪರೀಕ್ಷೆಗಳಲ್ಲಿ, ಹೀಗೆ ಹೊಳಪು ಕೊಟ್ಟ ಒಂಟಿ ಕೋಶದ ಕ್ಯಾವಿಟಿಗಳು ಹಳೆಯ ವಿಧಾನದವುಗಳಿಗೆ ಸರಿಸಮನಾಗಿ ನಿಂತವು.

ಇಂಥ ಪ್ರಯೋಗಕ್ಕೆ ಹಣ ಹಾಕುವವರು ಯಾರು? ಜಗತ್ತಿನಲ್ಲಿ ಇಂಥ ಕ್ಯಾವಿಟಿ ಬೇಕಾದವರು ಬೆರಳೆಣಿಕೆಯ ಪ್ರಯೋಗಾಲಯಗಳು. ದೊಡ್ಡ ಕಂಪನಿಗೆ ಇಷ್ಟು ಸಣ್ಣ ಮಾರುಕಟ್ಟೆ ಬೇಡ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಲು ಖಾಸಗಿ ಹೂಡಿಕೆದಾರ ಒಪ್ಪುವುದಿಲ್ಲ, ಬ್ಯಾಂಕಿಗೆ ಅಡಮಾನ ಬೇಕು. ಇಲ್ಲಿ ಹಣ ಬಂದದ್ದು ಅಮೆರಿಕದ ಇಂಧನ ಇಲಾಖೆಯಿಂದ, ಸಣ್ಣ ಉದ್ಯಮ ನಾವೀನ್ಯ ಸಂಶೋಧನೆ ಎಂಬ ಕಾರ್ಯಕ್ರಮದ ಮೂಲಕ. ಅಲ್ಲಿಯವರ ಬಾಯಲ್ಲಿ ಅದು ಎಸ್‌ಬಿಐಆರ್.

ಒಬ್ಬ ಅಧಿಕಾರಿಯ ಹಟ

ಈ ಯೋಜನೆಯ ಬೀಜ ಬಿದ್ದದ್ದು 1970ರ ದಶಕದಲ್ಲಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಅಧಿಕಾರಿಯಾಗಿದ್ದ ರೋಲಂಡ್ ಟಿಬೆಟ್ಸ್‌ಗೆ ಒಂದು ಸಂಗತಿ ಕೊರೆಯುತ್ತಿತ್ತು. ಸರ್ಕಾರದ ಸಂಶೋಧನಾ ಹಣವೆಲ್ಲ ವಿಶ್ವವಿದ್ಯಾಲಯಗಳಿಗೆ, ಸರ್ಕಾರಿ ಪ್ರಯೋಗಾಲಯಗಳಿಗೆ, ದೊಡ್ಡ ಕಂಪನಿಗಳಿಗೆ ಹೋಗುತ್ತಿತ್ತು. ಹತ್ತಿಪ್ಪತ್ತು ಜನರ ಕಂಪನಿಗಳಲ್ಲಿ ಒಳ್ಳೆಯ ತಾಂತ್ರಿಕ ತಲೆಗಳಿದ್ದರೂ ಅವರಿಗೆ ಬಾಗಿಲೇ ತೆರೆಯುತ್ತಿರಲಿಲ್ಲ. 1977ರಲ್ಲಿ ಅವರು ಪ್ರತಿಷ್ಠಾನದೊಳಗೇ ಒಂದು ಸಣ್ಣ ಕಾರ್ಯಕ್ರಮ ಆರಂಭಿಸಿದರು. ಮೊದಲು ಸ್ವಲ್ಪ ಹಣ ಕೊಟ್ಟು ವಿಚಾರ ಗಟ್ಟಿಯೋ ಜೊಳ್ಳೋ ನೋಡುವುದು, ಗಟ್ಟಿಯೆನಿಸಿದರೆ ಹೆಚ್ಚು ಹಣ ಕೊಟ್ಟು ಬೆಳೆಸುವುದು, ಆಮೇಲೆ ಮಾರುಕಟ್ಟೆಗೆ ಬಿಡುವುದು ಅವರ ಕ್ರಮ.

ಸೆನೆಟರ್ ಎಡ್ವರ್ಡ್ ಕೆನಡಿ ಅವರಂಥವರ ಬೆಂಬಲದಿಂದ ಈ ವಿಚಾರ ರಾಜಧಾನಿಯಲ್ಲಿ ಬೆಳೆಯಿತು. 1982ರ ಜುಲೈ 22ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದಾಗ ಕಾನೂನಾಯಿತು. ವಿಶ್ವವಿದ್ಯಾಲಯಗಳು ವಿರೋಧಿಸಿದ್ದವು. ತಮ್ಮ ಪಾಲಿನ ಹಣ ಹರಿದು ಹಂಚಿಹೋಗುತ್ತದೆ ಎಂಬ ಆತಂಕ ಅವುಗಳದ್ದು.

ಕಾನೂನಿನ ಜೀವ ಇರುವುದು ಒಂದು ಶೇಕಡಾವಾರಿನಲ್ಲಿ. ಹೊರಗಿನವರಿಂದ ಮಾಡಿಸುವ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡುವ ಪ್ರತಿ ಇಲಾಖೆಯೂ ಅದರಲ್ಲೊಂದು ಪಾಲನ್ನು ಸಣ್ಣ ಕಂಪನಿಗಳಿಗೆ ತೆಗೆದಿಡಲೇಬೇಕು. ಆರಂಭದಲ್ಲಿ ಅದು ಶೇಕಡಾ 0.2 ಇತ್ತು. ಕೆಲವೇ ವರ್ಷಗಳಲ್ಲಿ 1.25 ಆಯಿತು, 1990ರ ದಶಕದಲ್ಲಿ 2.5ಕ್ಕೆ ಏರಿತು, 2017ರ ಹೊತ್ತಿಗೆ 3.2 ಮುಟ್ಟಿತು. 1992ರಲ್ಲಿ ಎಸ್‌ಟಿಟಿಆರ್ ಎಂಬ ಜೋಡಿ ಕಾರ್ಯಕ್ರಮ ಸೇರಿತು. ಅದರಡಿ ಸಣ್ಣ ಕಂಪನಿ ಯಾವುದಾದರೂ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯ ಕೈ ಹಿಡಿಯಬೇಕು. ಕೆಲಸದಲ್ಲಿ ಕಂಪನಿಯ ಪಾಲು ಕನಿಷ್ಠ ಶೇಕಡಾ 40, ಸಂಸ್ಥೆಯದ್ದು ಕನಿಷ್ಠ ಶೇಕಡಾ 30. ಈಚಿನ ವರ್ಷಗಳಲ್ಲಿ ಹನ್ನೊಂದು ಇಲಾಖೆಗಳಿಂದ ವರ್ಷಕ್ಕೆ 400 ಕೋಟಿ ಡಾಲರ್‌ಗೂ ಹೆಚ್ಚು ಹಣ ಈ ದಾರಿಯಲ್ಲಿ ಹರಿಯುತ್ತಿತ್ತು. ಅಮೆರಿಕದ ಲೆಕ್ಕದಲ್ಲಿ ಸಣ್ಣ ಕಂಪನಿ ಎಂದರೆ ಐನೂರು ಉದ್ಯೋಗಿಗಳ ಒಳಗಿನದ್ದು. ನಿಜದಲ್ಲಿ ಹಣ ಪಡೆಯುವ ಎಷ್ಟೋ ಕಂಪನಿಗಳಲ್ಲಿ ಹತ್ತಾರು ಜನರಷ್ಟೇ ಇರುತ್ತಾರೆ.

ಮೂರು ಹಂತ

ಇಂಧನ ಇಲಾಖೆಯಲ್ಲಿ ಇದು ನಡೆಯುವ ರೀತಿ ಗಮನಿಸಬೇಕು. ಇಲಾಖೆಯ ಕೈಕೆಳಗೆ 17 ರಾಷ್ಟ್ರೀಯ ಪ್ರಯೋಗಾಲಯಗಳಿವೆ. ಉನ್ನತ ಶಕ್ತಿ ಭೌತವಿಜ್ಞಾನ, ಪರಮಾಣು ಭೌತವಿಜ್ಞಾನ, ಸಮ್ಮಿಲನ ಶಕ್ತಿ, ನವೀಕರಿಸಬಹುದಾದ ಇಂಧನ ಮೊದಲಾದ ವಿಭಾಗಗಳು ತಮಗೆ ಬೇಕಾದ್ದರ ಪಟ್ಟಿಯನ್ನು ಪ್ರತಿವರ್ಷ ಪ್ರಕಟಿಸುತ್ತವೆ. ಈ ಆಯಸ್ಕಾಂತಕ್ಕೆ ಇನ್ನೂ ಹೆಚ್ಚು ವಿದ್ಯುತ್ ಹೊರಬಲ್ಲ ತಂತಿ ಬೇಕು, ಈ ಶೋಧಕಕ್ಕೆ ಇನ್ನೂ ವೇಗವಾಗಿ ಮಿನುಗುವ ಹರಳು ಬೇಕು ಎಂಬಂಥ ಬೇಡಿಕೆಗಳು. ಸಣ್ಣ ಕಂಪನಿಗಳು ಪ್ರಸ್ತಾವ ಬರೆದು ಕಳಿಸುತ್ತವೆ. ಆ ಕ್ಷೇತ್ರದ ತಜ್ಞರು ಓದಿ ಅಂಕ ಕೊಡುತ್ತಾರೆ.

ಆಯ್ಕೆಯಾದರೆ ಮೊದಲ ಹಂತದಲ್ಲಿ ಈಚಿನ ವರ್ಷಗಳಲ್ಲಿ ಸಿಗುತ್ತಿದ್ದದ್ದು ಸುಮಾರು 2 ಲಕ್ಷ ಡಾಲರ್. ಒಂದು ವರ್ಷದೊಳಗೆ ವಿಚಾರ ಕೆಲಸ ಮಾಡುತ್ತದೆಂದು ತೋರಿಸಬೇಕು. ಎರಡನೆಯ ಹಂತದಲ್ಲಿ 10 ಲಕ್ಷ ಡಾಲರ್‌ಗೂ ಹೆಚ್ಚು ಹಣ, ಎರಡು ವರ್ಷದ ಕಾಲಾವಕಾಶ. ಮೂರನೆಯ ಹಂತಕ್ಕೆ ಈ ನಿಧಿಯಿಂದ ಬಿಡಿಗಾಸೂ ಇಲ್ಲ. ಖರೀದಿದಾರನೋ ಹೂಡಿಕೆದಾರನೋ ಸಿಗಬೇಕು. ಆದರೆ ಸರ್ಕಾರದ ಪ್ರಯೋಗಾಲಯವೇ ಆ ವಸ್ತುವನ್ನು ಕೊಳ್ಳುವುದಾದರೆ ಮತ್ತೆ ಸ್ಪರ್ಧಾತ್ಮಕ ಟೆಂಡರ್ ಇಲ್ಲದೆ ಅದೇ ಕಂಪನಿಯಿಂದ ಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ.

ಎರಡು ನಿಯಮಗಳನ್ನು ಇಲ್ಲಿ ಎತ್ತಿ ಹೇಳಬೇಕು. ಸರ್ಕಾರ ಈ ಹಣಕ್ಕೆ ಬದಲಾಗಿ ಕಂಪನಿಯ ಷೇರು ಕೇಳುವುದಿಲ್ಲ, ಸಾಲವೆಂದು ಬರೆದುಕೊಳ್ಳುವುದೂ ಇಲ್ಲ. ಪೇಟೆಂಟ್ ಕಂಪನಿಯದ್ದೇ. ಸಂಶೋಧನೆಯಲ್ಲಿ ಹುಟ್ಟಿದ ತಾಂತ್ರಿಕ ಮಾಹಿತಿಯನ್ನು ಇಪ್ಪತ್ತು ವರ್ಷ ಸರ್ಕಾರ ಗುಟ್ಟಾಗಿಡಬೇಕು. ಒಬ್ಬ ಎಂಜಿನಿಯರ್ ತನ್ನ ವಿಚಾರವನ್ನು ಸರ್ಕಾರದ ಮುಂದೆ ಬಿಚ್ಚಿಡುವಾಗ ನಾಳೆ ಅದು ದೊಡ್ಡ ಪ್ರತಿಸ್ಪರ್ಧಿಯ ಮೇಜಿನ ಮೇಲೆ ಕಾಣಿಸೀತು ಎಂಬ ಭಯ ಪಡಬೇಕಿಲ್ಲ. ಇಷ್ಟು ವಿಶ್ವಾಸವಿಲ್ಲದಿದ್ದರೆ ಒಳ್ಳೆಯ ವಿಚಾರ ಇರುವವರು ಅರ್ಜಿಯನ್ನೇ ಹಾಕುತ್ತಿರಲಿಲ್ಲ.

ಹಳೆಯ ಶಾಲೆಯಲ್ಲಿ ವೇಗವರ್ಧಕ

ಹೀಗೆ ಬೆಳೆದ ಕಂಪನಿಗಳು ಪ್ರಯೋಗಾಲಯಗಳ ಸುತ್ತಮುತ್ತಲೇ ಬೇರು ಬಿಟ್ಟಿವೆ. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಸೈಕ್ಲೋಟ್ರಾನ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದ ಟೆರಿ ಗ್ರಿಮ್ 2005ರಲ್ಲಿ ಲ್ಯಾನ್ಸಿಂಗ್ ನಗರದಲ್ಲಿ ನಯೋವೇವ್ ಕಂಪನಿ ಕಟ್ಟಿದರು. ಮುಚ್ಚಿಹೋಗಿದ್ದ ಒಂದು ಪ್ರಾಥಮಿಕ ಶಾಲೆಯ ಕಟ್ಟಡ ಅವರ ಕಾರ್ಖಾನೆಯಾಯಿತು. ಮಕ್ಕಳು ಪಾಠ ಕೇಳುತ್ತಿದ್ದ ಕಟ್ಟಡದಲ್ಲಿ ಅತಿವಾಹಕ ಕ್ಯಾವಿಟಿಗಳು ತಯಾರಾದವು. ಪ್ರಯೋಗಾಲಯಗಳಿಗೆ ಭಾಗಗಳನ್ನು ಮಾಡಿಕೊಡುತ್ತಿದ್ದ ಆ ಕಂಪನಿ ನಂತರ ತನ್ನದೇ ಎಲೆಕ್ಟ್ರಾನ್ ವೇಗವರ್ಧಕಗಳಿಂದ ವೈದ್ಯಕೀಯ ಬಳಕೆಯ ರೇಡಿಯೊ ಐಸೊಟೋಪ್‌ಗಳನ್ನು ತಯಾರಿಸುವತ್ತ ತಿರುಗಿತು. ಪರಮಾಣು ಬೀಜದ ರಹಸ್ಯ ಅರಿಯಲು ಬೆಳೆಸಿದ ತಂತ್ರ ಕ್ಯಾನ್ಸರ್ ಚಿಕಿತ್ಸೆಯ ಕಡೆಗೆ ಹೊರಳಿದ ದಾರಿ ಇದು.

ಕೊಲರಾಡೊದ ಬೌಲ್ಡರ್‌ನಲ್ಲಿ 1994ರಲ್ಲಿ ಹುಟ್ಟಿದ ಟೆಕ್-ಎಕ್ಸ್ ಕಂಪನಿ ಪ್ಲಾಸ್ಮಾ ಮತ್ತು ಕಣಪುಂಜಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ ಬರೆಯುತ್ತದೆ. ಲಾಸ್ ಏಂಜಲೀಸ್ ಬಳಿಯ ರೇಡಿಯಾಬೀಮ್ ಪುಟ್ಟ ವೇಗವರ್ಧಕಗಳನ್ನೂ ಅವುಗಳ ಮಾಪಕಗಳನ್ನೂ ಮಾಡುತ್ತದೆ. ಒಹಾಯೊದ ಹೈಪರ್ ಟೆಕ್ ರಿಸರ್ಚ್ ಮೆಗ್ನೀಸಿಯಂ ಡೈಬೋರೈಡ್‌ನ ಅತಿವಾಹಕ ತಂತಿ ಎಳೆಯುತ್ತದೆ. ಈ ಹೆಸರುಗಳು ಷೇರುಪೇಟೆಯ ಸುದ್ದಿಯಲ್ಲಿ ಬರುವಂಥವಲ್ಲ. ಆದರೆ ದೊಡ್ಡ ಪ್ರಯೋಗಾಲಯಗಳ ಯಂತ್ರಗಳಿಗೆ ಬೇಕಾದ, ಬೇರೆಲ್ಲೂ ಸಿಗದ ವಸ್ತುಗಳು ಬರುವುದು ಇಂಥ ಕಡೆಗಳಿಂದಲೇ.

ಒಂದು ಲಕ್ಷ ಮತ್ತು ಇಪ್ಪತ್ತೈದು ಕೋಟಿ

ಬ್ಯಾಟರಿಯ ಕಥೆ ಸ್ವಲ್ಪ ದೊಡ್ಡದು. ಇಂದು ವಿದ್ಯುತ್ ಬಸ್ಸುಗಳಲ್ಲಿ, ಸೌರಶಕ್ತಿ ಸಂಗ್ರಹದ ಪೆಟ್ಟಿಗೆಗಳಲ್ಲಿ ಕಾಣುವ ಲಿಥಿಯಂ ಐರನ್ ಫಾಸ್ಫೇಟ್ ರಾಸಾಯನಿಕವನ್ನು ಬ್ಯಾಟರಿಗೆ ತಂದವರು ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಗುಡೆನಫ್ ಅವರ ತಂಡದವರು. 1997ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಗುಡೆನಫ್ ಜೊತೆ ಅಕ್ಷಯ ಪಾಧಿ, ಕೆ.ಎಸ್. ನಂಜುಂಡಸ್ವಾಮಿ ಎಂಬ ಇಬ್ಬರ ಹೆಸರಿದೆ. ವಸ್ತು ಅಗ್ಗ, ಸುರಕ್ಷಿತ. ಆದರೆ ವಿದ್ಯುತ್ತನ್ನು ಸರಾಗವಾಗಿ ಹರಿಸುತ್ತಿರಲಿಲ್ಲ. ಎಂಐಟಿಯ ಯೆಟ್-ಮಿಂಗ್ ಚಿಯಾಂಗ್ ಈ ಕೊರತೆಗೆ ಪರಿಹಾರ ಹುಡುಕಿ 2001ರಲ್ಲಿ ಗೆಳೆಯರೊಂದಿಗೆ ಎ123 ಸಿಸ್ಟಮ್ಸ್ ಸ್ಥಾಪಿಸಿದರು. ಆರಂಭದ ದಿನಗಳಲ್ಲಿ ಅವರಿಗೆ ಕೈ ಆಸರೆಯಾದದ್ದು ಇಂಧನ ಇಲಾಖೆಯ ಎಸ್‌ಬಿಐಆರ್ ಅನುದಾನ, ಒಂದು ಲಕ್ಷ ಡಾಲರ್. ಕೆಲವೇ ವರ್ಷಗಳಲ್ಲಿ ಆ ಬ್ಯಾಟರಿ ವಿದ್ಯುತ್ ಡ್ರಿಲ್‌ಗಳೊಳಗೆ ಕುಳಿತು ಮಾರುಕಟ್ಟೆಗೆ ಬಂತು.

2009ರಲ್ಲಿ ಕಂಪನಿ ಷೇರುಪೇಟೆ ಪ್ರವೇಶಿಸಿತು. ಅದೇ ವರ್ಷ ಮಿಷಿಗನ್‌ನಲ್ಲಿ ಕಾರ್ಖಾನೆ ಕಟ್ಟಲು ಸರ್ಕಾರ ಇನ್ನೊಂದು ಯೋಜನೆಯಡಿ 24.9 ಕೋಟಿ ಡಾಲರ್ ಅನುದಾನ ಘೋಷಿಸಿತು. ವಿದ್ಯುತ್ ಕಾರುಗಳ ಬೇಡಿಕೆ ನಿರೀಕ್ಷಿಸಿದಷ್ಟು ಬರಲಿಲ್ಲ. 2012ರಲ್ಲಿ ದೋಷವಿದ್ದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊಂಡದ್ದು ಚೀನಾದ ವಾನ್‌ಷಿಯಾಂಗ್ ಸಮೂಹ.

ಇದನ್ನು ಸರ್ಕಾರಿ ಹಣ ನೀರುಪಾಲಾದ ಉದಾಹರಣೆಯೆಂದು ಟೀಕಿಸುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಒಂದು ಲಕ್ಷ ಡಾಲರ್ ತನ್ನ ಕೆಲಸ ಮಾಡಿತ್ತು. ಪ್ರಯೋಗಶಾಲೆಯ ಪುಡಿ ನಿಜವಾದ ಬ್ಯಾಟರಿಯಾಗಬಲ್ಲದು ಎಂಬುದನ್ನು ಅದು ಜಗತ್ತಿಗೆ ತೋರಿಸಿತು. ಬೇಡಿಕೆ ಹುಟ್ಟುವ ಮೊದಲೇ ಕಾರ್ಖಾನೆ ಕಟ್ಟಿದ ಹಣ ಸೋತಿತು. ಸಾರ್ವಜನಿಕ ಹಣಕ್ಕೆ ಎಲ್ಲಿ ಬಲ ಹೆಚ್ಚು, ಎಲ್ಲಿ ಅಪಾಯ ಹೆಚ್ಚು ಎಂಬುದು ಈ ಒಂದೇ ಕಂಪನಿಯ ಹತ್ತು ವರ್ಷಗಳಲ್ಲಿ ಕಾಣುತ್ತದೆ.

ಲೆಕ್ಕ ಏನು ಹೇಳುತ್ತದೆ

ಒಂದೆರಡು ಉದಾಹರಣೆಗಳಿಂದ ತೀರ್ಮಾನಕ್ಕೆ ಬರಬಾರದು, ನಿಜ. ಅದೃಷ್ಟವಶಾತ್ ಈ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರು ಕೂಲಂಕಷವಾಗಿ ಅಳೆದಿದ್ದಾರೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಬ್ರಿನಾ ಹೋವೆಲ್ 1983ರಿಂದ 2013ರವರೆಗಿನ ಇಂಧನ ಇಲಾಖೆಯ ಅರ್ಜಿಗಳನ್ನು ಕೈಗೆತ್ತಿಕೊಂಡರು. ಇಲಾಖೆ ಅರ್ಜಿಗಳಿಗೆ ಕೊಟ್ಟ ಶ್ರೇಯಾಂಕ ಅವರಿಗೆ ಸಿಕ್ಕಿತ್ತು. ಕೂದಲೆಳೆಯಲ್ಲಿ ಗೆದ್ದವರನ್ನೂ ಕೂದಲೆಳೆಯಲ್ಲಿ ಸೋತವರನ್ನೂ ಹೋಲಿಸಿದರು. ಅವರ ನಡುವೆ ಯೋಗ್ಯತೆಯ ವ್ಯತ್ಯಾಸ ಅಷ್ಟಿಲ್ಲ, ಅನುದಾನ ಸಿಕ್ಕಿತೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮೊದಲ ಹಂತದ ಸಣ್ಣ ಅನುದಾನ ಪಡೆದ ಕಂಪನಿಗೆ ಮುಂದೆ ಖಾಸಗಿ ಸಾಹಸ ಬಂಡವಾಳ ಸಿಗುವ ಸಾಧ್ಯತೆ ಶೇಕಡಾ 10ರಿಂದ 19ಕ್ಕೆ, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಪೇಟೆಂಟ್‌ಗಳೂ ವರಮಾನವೂ ಹೆಚ್ಚಿದವು. ಹಣದ ಮುಗ್ಗಟ್ಟು ಹೆಚ್ಚಿದ್ದ ಕಂಪನಿಗಳಲ್ಲಿ ಪರಿಣಾಮ ಇನ್ನೂ ಜೋರಾಗಿತ್ತು. ಹತ್ತು ಲಕ್ಷ ಡಾಲರಿನ ಎರಡನೆಯ ಹಂತದಿಂದ ಮಾತ್ರ ಅಂಥ ಪರಿಣಾಮ ಕಾಣಲಿಲ್ಲ. ಸರ್ಕಾರದ ಮುದ್ರೆ ಬಿತ್ತೆಂಬ ಕಾರಣಕ್ಕೆ ಹೂಡಿಕೆದಾರರು ಬಂದರೇ ಎಂದೂ ಹೋವೆಲ್ ಪರಿಶೀಲಿಸಿದರು. ಅವರ ತೀರ್ಮಾನದಂತೆ ಕೆಲಸ ಮಾಡಿದ್ದು ಆ ಹಣದಲ್ಲಿ ಕಟ್ಟಿದ ಮಾದರಿ. ಕೈಯಲ್ಲಿ ಹಿಡಿದು ತೋರಿಸಬಲ್ಲ, ಅಳೆದು ನೋಡಬಲ್ಲ ಒಂದು ವಸ್ತು ಮೇಜಿನ ಮೇಲೆ ಬಂದಾಗ ಅನುಮಾನ ಕರಗಿತು.

ಲಾಭ ಕಂಪನಿಯ ಗೋಡೆಯೊಳಗೇ ಉಳಿಯುವುದಿಲ್ಲ ಎಂಬುದನ್ನು ಸಂಶೋಧಕರಾದ ಕೈಲ್ ಮೈಯರ್ಸ್ ಮತ್ತು ಲಾರೆನ್ ಲನಾಹನ್ 2022ರಲ್ಲಿ ಇದೇ ಇಲಾಖೆಯ ದಾಖಲೆಗಳಿಂದ ತೋರಿಸಿದರು. ಅನುದಾನ ಪಡೆದವರು ಒಂದು ಪೇಟೆಂಟ್ ಪಡೆದರೆ, ಆ ಜ್ಞಾನದ ಬೆಳಕಲ್ಲಿ ಬೇರೆಯವರು ಇನ್ನೂ ಮೂರು ಪೇಟೆಂಟ್ ಪಡೆಯುತ್ತಾರೆ.

ಟೀಕೆಗಳೂ ಇವೆ, ಅವು ಪೊಳ್ಳಲ್ಲ. ಸರ್ಕಾರದ ಹಣ ಬಂದಾಗ ಕಂಪನಿ ತನ್ನ ಸ್ವಂತ ಹಣವನ್ನು ಅಷ್ಟೇ ಹಿಂದಕ್ಕೆಳೆದುಕೊಳ್ಳುತ್ತದೆ ಎಂದು 2000ದಲ್ಲಿ ಅರ್ಥಶಾಸ್ತ್ರಜ್ಞ ಸ್ಕಾಟ್ ವಾಲ್ಸ್‌ಟೆನ್ ವಾದಿಸಿದರು. ವರ್ಷ ವರ್ಷವೂ ಅರ್ಜಿ ಬರೆದೇ ಬದುಕುವ, ಮಾರುಕಟ್ಟೆಯ ಮುಖ ನೋಡದ ಕಂಪನಿಗಳೂ ಹುಟ್ಟಿಕೊಂಡಿವೆ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜೋಶ್ ಲರ್ನರ್ 1999ರಲ್ಲೇ ಹೇಳಿದ್ದರು: ಅನುದಾನ ಪಡೆದ ಕಂಪನಿಗಳು ವೇಗವಾಗಿ ಬೆಳೆಯುತ್ತವೆ, ಆದರೆ ಮತ್ತೆ ಮತ್ತೆ ಪಡೆದವರು ಹೆಚ್ಚೇನೂ ಬೆಳೆಯುವುದಿಲ್ಲ. ಈ ಜಗಳವೇ ಕೊನೆಗೆ ಕಾನೂನಿಗೆ ಅಡ್ಡವಾಯಿತು. ಒಂದೇ ಕಂಪನಿ ಎಷ್ಟು ಸಲ ಪಡೆಯಬಹುದೆಂಬ ಮಿತಿಯ ಬಗ್ಗೆ ಸೆನೆಟ್‌ನಲ್ಲಿ ಒಮ್ಮತ ಮೂಡದೆ 2025ರ ಸೆಪ್ಟೆಂಬರ್ 30ರಂದು ಕಾರ್ಯಕ್ರಮದ ಅವಧಿ ನವೀಕರಣವಾಗದೆ ಮುಗಿಯಿತು. ದೊಡ್ಡ ಕಂಪನಿಯಾದರೆ ಇಂಥ ವಿಳಂಬ ತಡೆದುಕೊಳ್ಳುತ್ತದೆ. ಹನ್ನೆರಡು ಜನರ ಕಂಪನಿ ಎರಡು ತಿಂಗಳ ಸಂಬಳ ತಪ್ಪಿದರೆ ತನ್ನ ಒಳ್ಳೆಯ ಎಂಜಿನಿಯರನ್ನೇ ಕಳೆದುಕೊಳ್ಳುತ್ತದೆ. ಮಿತಿ ಹಾಕುವುದು ಸರಿಯಾದ ಚರ್ಚೆ. ಆ ಚರ್ಚೆ ಮುಗಿಯುವವರೆಗೆ ಹೊಸಬರ ಬಾಗಿಲನ್ನೂ ಮುಚ್ಚಿದ್ದು ಅನ್ಯಾಯ.

ನಮ್ಮಲ್ಲಿ

ಭಾರತ ಈ ಮಾದರಿಯನ್ನು ನೋಡದೆ ಇಲ್ಲ. ಜೈವಿಕ ತಂತ್ರಜ್ಞಾನ ಇಲಾಖೆ 2005ರಲ್ಲಿ ಆರಂಭಿಸಿದ ಯೋಜನೆಯ ಹೆಸರೇ ಎಸ್‌ಬಿಐಆರ್‌ಐ. ಮುಂದೆ ಬಂದ ಬಯೋಟೆಕ್ನಾಲಜಿ ಇಗ್ನಿಷನ್ ಅನುದಾನ 50 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಬೆಂಗಳೂರಿನ ಸಿ-ಕ್ಯಾಂಪ್ ಅದರ ಪಾಲುದಾರ ಸಂಸ್ಥೆಗಳಲ್ಲೊಂದು. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನಿಧಿ-ಪ್ರಯಾಸ್ ಮಾದರಿ ಕಟ್ಟಲು 10 ಲಕ್ಷದವರೆಗೆ, ಕರ್ನಾಟಕದ ಎಲಿವೇಟ್ 50 ಲಕ್ಷದವರೆಗೆ ನೀಡುತ್ತವೆ. ರಕ್ಷಣಾ ಕ್ಷೇತ್ರದಲ್ಲಿ 2018ರಿಂದ ಐಡೆಕ್ಸ್ ಎಂಬ ಯೋಜನೆ ಇದೆ. ಒಳ್ಳೆಯ ಆರಂಭಗಳೇ. ಆದರೆ ಇವೆಲ್ಲ ಬಿಡಿಬಿಡಿ ಯೋಜನೆಗಳು. ಇಲಾಖೆ ಮನಸ್ಸು ಮಾಡಿದರೆ ಉಂಟು, ಬಜೆಟ್ ಬಿಗಿಯಾದರೆ ಇಲ್ಲ.

ನಮ್ಮಲ್ಲಿ ಶೇಕಡಾವಾರು ಕಡ್ಡಾಯ ಇರುವುದು ಖರೀದಿಗೆ. ಕೇಂದ್ರದ ಸಚಿವಾಲಯಗಳು, ಸಾರ್ವಜನಿಕ ಉದ್ಯಮಗಳು ವಾರ್ಷಿಕ ಖರೀದಿಯ ಶೇಕಡಾ 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದಲೇ ಮಾಡಬೇಕು. ಸಣ್ಣ ಉದ್ಯಮ ನಟ್ಟು, ಬೋಲ್ಟು, ಪೆಟ್ಟಿಗೆ ಮಾಡಿಕೊಡಬಹುದೆಂದು ಕಾಗದದ ಮೇಲೆ ಒಪ್ಪಿದ್ದೇವೆ. ಅದು ಹೊಸದನ್ನು ಯೋಚಿಸಬಹುದು ಎಂಬುದನ್ನು ಅದೇ ರೀತಿ ಕಾಗದದ ಮೇಲೆ ಒಪ್ಪಿಲ್ಲ. ರಕ್ಷಣಾ ಸಂಶೋಧನಾ ಬಜೆಟ್‌ನ ಶೇಕಡಾ 25ನ್ನು ಉದ್ಯಮ, ಸ್ಟಾರ್ಟಪ್, ಶಿಕ್ಷಣ ಸಂಸ್ಥೆಗಳಿಗೆ ತೆರೆಯುವುದಾಗಿ 2022-23ರ ಬಜೆಟ್ ಹೇಳಿತು. ಇಂಧನ, ಭೌತವಿಜ್ಞಾನದ ಇಲಾಖೆಗಳಿಗೆ ಅಂಥ ಮಾತು ಬಂದಿಲ್ಲ.

2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಂದು ಲಕ್ಷ ಕೋಟಿ ರೂಪಾಯಿಯ ಸಂಶೋಧನೆ, ಅಭಿವೃದ್ಧಿ ಮತ್ತು ನಾವೀನ್ಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಮೊತ್ತ ದೊಡ್ಡದು, ಸ್ವಾಗತಾರ್ಹ. ಆದರೆ ಅದು ಮುಖ್ಯವಾಗಿ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಮತ್ತು ಷೇರು ಬಂಡವಾಳದ ರೂಪದಲ್ಲಿ, ಈಗಾಗಲೇ ಒಂದು ಮಟ್ಟಕ್ಕೆ ಬೆಳೆದ ತಂತ್ರಜ್ಞಾನಗಳಿಗೆ ಹೋಗುವಂಥದ್ದು. ಆ ಮಟ್ಟ ತಲುಪಲು ಬೇಕಾದ ಮೊದಲ ಹತ್ತಿಪ್ಪತ್ತು ಲಕ್ಷ ಎಲ್ಲಿಂದ ಬರಬೇಕು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಕಡೆ ನೋಡಿ. ಲೇಥ್, ಸಿಎನ್‌ಸಿ, ಶೀಟ್ ಮೆಟಲ್, ಪ್ಲೇಟಿಂಗ್ ಎಂದು ಸಾವಿರಾರು ಘಟಕಗಳಿವೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದ್ದು ಸರ್ಕಾರಿ ಅಧ್ಯಯನಗಳಲ್ಲೇ ದಾಖಲಾಗಿದೆ. ಕ್ರೋಮ್ ಲೇಪನಕ್ಕೆ ಬಳಸುವ ಷಡ್ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ನಯೋಬಿಯಂಗೆ ಹೊಳಪು ಕೊಟ್ಟ ಫ್ಯಾರಡೆ ಕಂಪನಿ ಅದೇ ಮಿಡಿತದ ವಿದ್ಯುತ್ ತಂತ್ರದಿಂದ, ಅಷ್ಟು ವಿಷಕಾರಿಯಲ್ಲದ ತ್ರಿವೇಲೆನ್ಸಿಯ ಕ್ರೋಮಿಯಂನಲ್ಲಿ ಗಟ್ಟಿ ಲೇಪನ ಮಾಡುವುದನ್ನು ಸಾಧಿಸಿ 2013ರಲ್ಲಿ ಅಮೆರಿಕದ ಅಧ್ಯಕ್ಷರ ಹಸಿರು ರಸಾಯನವಿಜ್ಞಾನ ಪ್ರಶಸ್ತಿ ಪಡೆಯಿತು. ಅದಕ್ಕೂ ಎಸ್‌ಬಿಐಆರ್ ಹಣವೇ ನೆರವಾಗಿತ್ತು, ಈ ಬಾರಿ ಪರಿಸರ ಸಂರಕ್ಷಣಾ ಸಂಸ್ಥೆಯದ್ದು. ಪೀಣ್ಯದ ಪ್ಲೇಟಿಂಗ್ ಘಟಕದ ಮಾಲೀಕನಿಗೆ ಲೋಹದ ಸ್ವಭಾವ ಕರತಲಾಮಲಕ. ಸಂಬಳ, ಬಾಡಿಗೆ, ವಿದ್ಯುತ್ ಬಿಲ್ಲು ಕಟ್ಟಿ ಉಳಿದದ್ದರಲ್ಲಿ ಒಂದು ವರ್ಷ ಪ್ರಯೋಗ ಮಾಡುವ ಚೈತನ್ಯ ಅವನಿಗಿಲ್ಲ.

ಬೇಡಿಕೆಯೂ ನಮ್ಮಲ್ಲಿದೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರ ಹೆಸರು ಹೊತ್ತ ಇಂದೋರಿನ ಕೇಂದ್ರ ಫರ್ಮಿಲ್ಯಾಬ್‌ನ ಹೊಸ ವೇಗವರ್ಧಕ ಪಿಐಪಿ-2ಕ್ಕೆ ಕ್ಯಾವಿಟಿಗಳ ಕೆಲಸದಲ್ಲಿ ತೊಡಗಿದೆ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಲಿಗೊ-ಇಂಡಿಯಾ ವೀಕ್ಷಣಾಲಯಕ್ಕೆ 2,600 ಕೋಟಿ ರೂಪಾಯಿ, ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003 ಕೋಟಿ ರೂಪಾಯಿ ಇದೆ. ಅತಿ ನಿರ್ವಾತದ ಕವಾಟ, ಕಂಪನ ತಡೆಯುವ ಆಧಾರ, ಶೈತ್ಯ ಯಂತ್ರ, ಲೇಸರ್, ಸಂವೇದಕ ಎಲ್ಲವೂ ಇವುಗಳಿಗೆ ಬೇಕು. ಈ ಯೋಜನೆಗಳ ಮೊತ್ತದಲ್ಲಿ ನೂರಕ್ಕೆ ಮೂರು ರೂಪಾಯಿಯನ್ನು ಕಾನೂನಿನ ಬಲದಿಂದ ಸಣ್ಣ ಉದ್ಯಮಗಳ ಮೊದಲ ಪ್ರಯೋಗಕ್ಕೆ ತೆಗೆದಿಟ್ಟರೆ ಯಾವ ವಿಜ್ಞಾನವೂ ಬಡವಾಗುವುದಿಲ್ಲ. ಬೇಕಾದ್ದರ ಪಟ್ಟಿಯನ್ನು ಪ್ರಯೋಗಾಲಯಗಳು ಪ್ರತಿವರ್ಷ ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಪ್ರಕಟಿಸಲಿ. ಅರ್ಜಿ ಹತ್ತು ಪುಟ ಮೀರದಿರಲಿ, ತೀರ್ಪು ಆರು ತಿಂಗಳೊಳಗೆ ಬರಲಿ. ಗೆದ್ದ ಮಾದರಿಯನ್ನು ಮತ್ತೆ ಕಡಿಮೆ ದರದ ಟೆಂಡರಿಗೆ ತಳ್ಳದೆ ಅವರಿಂದಲೇ ಕೊಳ್ಳಲಿ.

ಇದರಲ್ಲಿ ಅರ್ಧಕ್ಕರ್ಧ ಪ್ರಯೋಗಗಳು ಸೋಲಬಹುದು. ಸೋತದ್ದಕ್ಕೆ ಆಡಿಟ್ ಆಕ್ಷೇಪಣೆ ಬರದಂತೆ ನಿಯಮದಲ್ಲೇ ಬರೆಯಬೇಕು. ಕೆಲಸ ಮಾಡದ ವಿಚಾರವೊಂದು ಹತ್ತು ಲಕ್ಷ ರೂಪಾಯಿಯಲ್ಲೇ ಗೊತ್ತಾಗಿಬಿಟ್ಟರೆ ಅದು ಉಳಿತಾಯ; ನೂರು ಕೋಟಿಯ ಕಾರ್ಖಾನೆ ಕಟ್ಟಿದ ಮೇಲೆ ಗೊತ್ತಾದರೆ ಅದೇ ನಷ್ಟ. ತೆರಿಗೆದಾರರ ದುಡ್ಡಿಗೆ ಇದಕ್ಕಿಂತ ಎಚ್ಚರದ ಬಳಕೆ ನನಗೆ ಕಾಣುವುದಿಲ್ಲ. ಮುಂದಿನ ಬಜೆಟ್ ಹೊತ್ತಿಗೆ ನಮ್ಮ ಸಣ್ಣ ಕೈಗಾರಿಕಾ ಸಂಘಗಳು ತೆರಿಗೆ ವಿನಾಯಿತಿಯ ಮನವಿಯ ಜೊತೆಗೆ ಈ ಒಂದು ಬೇಡಿಕೆಯನ್ನೂ ದೆಹಲಿಗೆ ಕಳಿಸಬೇಕು: ಪ್ರತಿ ಸಂಶೋಧನಾ ಇಲಾಖೆಯ ಲೆಕ್ಕದಲ್ಲಿ ಮೊದಲ ಮಾದರಿಗೆಂದು ಪ್ರತ್ಯೇಕ ಸಾಲು, ಆ ಸಾಲಿಗೆ ಕಾನೂನಿನ ರಕ್ಷಣೆ.